ಆಟವೂ ಅನ್ನವೂ: ಐ. ಎಂ. ವಿಜಯನ್

‘ಆಟವು ಅನ್ನ ನೀಡೀತೇ?’ ಚೆಂಡಿನ ಹಿಂದೆ ಓಡುವ ಮಗನನ್ನು ಕಂಡ ತಂದೆತಾಯಿಗಳ ಮನದಲ್ಲಿ ಮೊದಲು ಏಳುವ ಪ್ರಶ್ನೆ ಇದು. ಪ್ರಶ್ನೆ ಅಸಹಜವಾದುದೇನಲ್ಲ. ಕಾಲ್ಚೆಂಡಾಟದಲ್ಲಿ ಗೋಲು ಹೊಡೆಯುವ ಹೊಣೆ ಹೊತ್ತ ಮುಂಚೂಣಿಯ ಆಟಗಾರನ ಕಾಲ್ಬಲವು ಹೆಚ್ಚೆಂದರೆ ಹದಿನೈದು ಇಪ್ಪತ್ತು ವರ್ಷ ಬಾಳುವಂಥದು. ಬದುಕಾದರೋ ಅದಕ್ಕಿಂತ ಬಹಳ ದೀರ್ಘವಾದುದು. ಆಟ ನಿಂತ ಮೇಲೆ ಆಟಗಾರನನ್ನು ಕಾಯುವವರು ಯಾರು? ಕೇರಳದ ಐ. ಎಂ. ವಿಜಯನ್ ಅವರ ಜೀವನವೃತ್ತಾಂತವು ಈ ಪ್ರಶ್ನೆಗೆ ವಿಚಾರಯೋಗ್ಯವಾದ ಉತ್ತರವನ್ನು ನೀಡುತ್ತದೆ.

ವಿಜಯನ್ ಜನಿಸಿದ್ದು 1969ರ ಏಪ್ರಿಲ್ 25ರಂದು, ತ್ರಿಶ್ಶೂರಿನಲ್ಲಿ. ಮನೆಯಲ್ಲಿ ಕಡುಬಡತನ. ಓದು ನಡುವೆಯೇ ನಿಂತಿತು. ಊರಿನ ನಗರಸಭೆಯ ಕ್ರೀಡಾಂಗಣದಲ್ಲಿ ಪಂದ್ಯಗಳು ನಡೆಯುವಾಗ ಈ ಬಾಲಕ ಪ್ರೇಕ್ಷಕರಿಗೆ ಸೋಡಾ ಮಾರುತ್ತಿದ್ದ. ಒಂದು ಬಾಟಲಿಗೆ 10 ಪೈಸೆ ದೊರೆಯುತ್ತಿತ್ತು. ಕೈ ಸೋಡಾ ಮಾರುತ್ತಿದ್ದರೂ ಕಣ್ಣು ಮಾತ್ರ ಚೆಂಡಿನ ಮೇಲೆಯೇ ನೆಟ್ಟಿರುತ್ತಿದ್ದಿರಬೇಕು.

ಪ್ರತಿಭೆ ಎಷ್ಟೇ ಇರಲಿ, ಅದನ್ನು ಗುರುತಿಸಿ ಕೈಹಿಡಿಯುವವರು ಬೇಕು. ಆ ಕಾಲದಲ್ಲಿ ಕೇರಳ ಪೊಲೀಸ್ ಇಲಾಖೆಯು ಕಾಲ್ಚೆಂಡಾಟದ ಬಲಿಷ್ಠ ತಂಡವೊಂದನ್ನು ಕಟ್ಟುತ್ತಿತ್ತು. ಇಲಾಖೆಯ ಮುಖ್ಯಸ್ಥರಾಗಿದ್ದ ಎಂ. ಕೆ. ಜೋಸೆಫ್ ಅವರ ದೃಷ್ಟಿ ಈ ತರುಣನ ಮೇಲೆ ಬಿದ್ದಿತು. 1987ರ ಸುಮಾರಿಗೆ, ಹದಿನೆಂಟು ತುಂಬುವ ಹೊತ್ತಿಗೆ, ವಿಜಯನ್ ಪೊಲೀಸ್ ತಂಡವನ್ನು ಸೇರಿದರು. ಆ ತಂಡವು 1990ರಲ್ಲಿ ತ್ರಿಶ್ಶೂರಿನಲ್ಲಿಯೇ ಫೆಡರೇಷನ್ ಕಪ್ ಗೆದ್ದಿತು. ಮರುವರ್ಷ ಅದನ್ನು ಮತ್ತೆ ಉಳಿಸಿಕೊಂಡಿತು.

ಮುಂದೆ ಕಲಕತ್ತೆಯ ಮೋಹನ್ ಬಾಗಾನ್, ಪಂಜಾಬಿನ ಜೆ.ಸಿ.ಟಿ., ಕೇರಳದ ಎಫ್.ಸಿ. ಕೊಚ್ಚಿನ್, ಈಸ್ಟ್ ಬೆಂಗಾಲ್ ಮೊದಲಾದ ತಂಡಗಳು ಅವರನ್ನು ಬರಮಾಡಿಕೊಂಡವು. ಅವರ ಚುರುಕು ಓಟವನ್ನು ಕಂಡ ಬಂಗಾಳದ ಅಭಿಮಾನಿಗಳು ‘ಕಾಲೋ ಹರಿಣ್’, ಎಂದರೆ ಕರಿಯ ಜಿಂಕೆ, ಎಂದು ಕರೆದರು. 1993, 1997 ಮತ್ತು 1999ರಲ್ಲಿ ಅಖಿಲ ಭಾರತ ಫುಟ್ಬಾಲ್ ಒಕ್ಕೂಟವು ಅವರನ್ನು ವರ್ಷದ ಶ್ರೇಷ್ಠ ಆಟಗಾರನೆಂದು ಗೌರವಿಸಿತು. 1999ರಲ್ಲಿ ಕಠ್ಮಂಡುವಿನ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಭೂತಾನ್ ವಿರುದ್ಧ ಪಂದ್ಯ ಆರಂಭವಾದ 12ನೆಯ ಸೆಕೆಂಡಿನಲ್ಲಿಯೇ ಅವರು ಗೋಲು ಹೊಡೆದರು. 2003ರಲ್ಲಿ ಅರ್ಜುನ ಪ್ರಶಸ್ತಿ ಬಂದಿತು. ಅದೇ ವರ್ಷ ಹೈದರಾಬಾದಿನ ಆಫ್ರೋ-ಏಷ್ಯನ್ ಕ್ರೀಡಾಕೂಟದಲ್ಲಿ ನಾಲ್ಕು ಗೋಲು ಗಳಿಸಿ ಅವರು ರಾಷ್ಟ್ರತಂಡಕ್ಕೆ ವಿದಾಯ ಹೇಳಿದರು.

ಇನ್ನು ಅನ್ನದ ಪ್ರಶ್ನೆ. ಎಫ್.ಸಿ. ಕೊಚ್ಚಿನ್ 1997ರಲ್ಲಿ ಡ್ಯುರಾಂಡ್ ಕಪ್ ಗೆದ್ದು ಕೇರಳಕ್ಕೆ ಕೀರ್ತಿ ತಂದಿತ್ತು. ಆದರೆ ಹಣದ ಮುಗ್ಗಟ್ಟಿನಿಂದ ಕೆಲವೇ ವರ್ಷಗಳಲ್ಲಿ ಅದು ಮುಚ್ಚಿಹೋಯಿತು. 1996–97ರ ಮೊದಲ ರಾಷ್ಟ್ರೀಯ ಲೀಗ್ ಗೆದ್ದ ಜೆ.ಸಿ.ಟಿ. ತಂಡವನ್ನೂ 2011ರಲ್ಲಿ ವಿಸರ್ಜಿಸಲಾಯಿತು. ಚಪ್ಪಾಳೆ ತಟ್ಟಿಸಿಕೊಂಡ ತಂಡಗಳು ಹೀಗೆ ಮರೆಯಾದವು. ಉಳಿದದ್ದು ಪೊಲೀಸ್ ಇಲಾಖೆ. ಹೊರಗೆ ಹೋಗಿ ಆಡಿದ ವಿಜಯನ್ ಅಲ್ಲಿಗೇ ಮರಳಿದರು, ಅಧಿಕಾರಿಯಾಗಿ ಸೇವೆ ಸಲ್ಲಿಸಿದರು, 2025ರ ಏಪ್ರಿಲ್‌ನಲ್ಲಿ ನಿವೃತ್ತರಾದರು. ಆ ವರ್ಷದ ಜನವರಿಯಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಗಿತ್ತು.

ಹಾಗೆಂದು ನೌಕರಿಯೊಂದಿದ್ದರೆ ಸಾಕೆಂದು ಭಾವಿಸಲಾಗದು. ಅದೇ ಪೊಲೀಸ್ ತಂಡದಲ್ಲಿ ವಿಜಯನ್ ಅವರೊಡನೆ ಆಡಿದ ವಿ. ಪಿ. ಸತ್ಯನ್ ಭಾರತ ತಂಡದ ನಾಯಕರಾಗಿದ್ದವರು. ಆಮೇಲೆ ಚೆನ್ನೈನ ಇಂಡಿಯನ್ ಬ್ಯಾಂಕಿನಲ್ಲಿ ಅವರಿಗೆ ಕೆಲಸವಿತ್ತು. ಆದರೆ ಕಾಲಿನ ಗಾಯಗಳ ಬಾಧೆ, ಮನಸ್ಸಿನ ಖಿನ್ನತೆ ಅವರನ್ನು ಬಿಡಲಿಲ್ಲ. 2006ರ ಜುಲೈ 18ರಂದು, ನಲವತ್ತೊಂದರ ಪ್ರಾಯದಲ್ಲಿ, ಅವರು ತಾವಾಗಿಯೇ ಪ್ರಾಣ ನೀಗಿದರು. ಅನ್ನಕ್ಕೆ ಆಧಾರವಿದ್ದರೂ ಅಂತರಂಗದ ನೋವನ್ನು ಕೇಳುವ ಕಿವಿ ಬೇಕೆಂಬುದನ್ನು ಈ ದುರಂತವು ತಿಳಿಸುತ್ತದೆ.

ನಮ್ಮ ಬೆಂಗಳೂರಿನಲ್ಲಿಯೂ ಐ.ಟಿ.ಐ., ಎಚ್.ಎ.ಎಲ್. ಕಾರ್ಖಾನೆಗಳು ಇದೇ ಬಗೆಯಲ್ಲಿ ಆಟಗಾರರಿಗೆ ಕೆಲಸ ಕೊಟ್ಟು ತಂಡಗಳನ್ನು ಸಾಕಿದ್ದುಂಟು. ಅಂತಹ ಆಸರೆ ಕುಗ್ಗಿದಷ್ಟೂ ಮನೆಯವರ ಹೊಣೆ ಹಿಗ್ಗುತ್ತದೆ. ಆದುದರಿಂದ ಮಗುವಿನ ಕೈಯಿಂದ ಚೆಂಡನ್ನು ಕಸಿದುಕೊಳ್ಳಬೇಕಾಗಿಲ್ಲ. ಚೆಂಡಿನ ಜೊತೆಗೆ ಓದನ್ನೋ ಒಂದು ಉದ್ಯೋಗವನ್ನೋ ಕಲಿಸಿದರಾಯಿತು. ಗೆದ್ದು ಬಂದಾಗ ಹಾರ ಹಾಕುವವರು ಹಲವರು ಸಿಗುತ್ತಾರೆ. ಆಟ ಮುಗಿಸಿ ಬಂದವನನ್ನು ‘ಬಾ, ಕೂಡು, ಹೇಗಿರುವೆ?’ ಎಂದು ಕೇಳಬೇಕಾದವರು ಮನೆಯವರೇ.