ದರಕಿನ ಕೆಳಗಿನ ಲೋಕ

ಕನ್ನಡ ಕಾವ್ಯವನ್ನು ಪಾಠ ಹೇಳಿಕೊಂಡು ಬದುಕುವವನಿಗೆ ಇಲಿಯ ಯೋಚನೆ ಯಾತಕ್ಕೆ ಬಂದಿತೆಂದು ವಾಚಕರು ಕೇಳಬಹುದು. ಅಷ್ಟಾದಶ ವರ್ಣನೆಗಳನ್ನು ವರ್ಷವರ್ಷವೂ ತರಗತಿಯಲ್ಲಿ ವಿವರಿಸುತ್ತ ಬಂದಿದ್ದೇನೆ. ಕವಿಯ ಕಾಡಿನಲ್ಲಿ ಆನೆಯುಂಟು, ಸಿಂಹವುಂಟು, ಜಿಂಕೆಯುಂಟು. ಇಲಿಯನ್ನು ಕಂಡ ನೆನಪು ನನಗಿಲ್ಲ. ಗಣಪತಿಯ ಪಾದದ ಬಳಿಯ ಸ್ಥಾನವೊಂದನ್ನು ಬಿಟ್ಟರೆ ಆ ಪ್ರಾಣಿಗೆ ನಮ್ಮಲ್ಲಿ ಗೌರವವೇ ಇಲ್ಲ. ಆದರೂ ಮಲೆನಾಡಿನ ಒಬ್ಬ ತಾಯಿ ಕೇಳಿದ ಪ್ರಶ್ನೆ ನನ್ನನ್ನು ಇಲಿಗಳ ಶಾಸ್ತ್ರದತ್ತ ಎಳೆದುಕೊಂಡು ಹೋಯಿತು.

ಅದು 2019 ರ ಜನವರಿ. ಸಾಗರ ತಾಲೂಕಿನ ಅರಳಗೋಡಿನ ಸುತ್ತಿನಲ್ಲಿ ಮಂಗನ ಕಾಯಿಲೆ ಎದ್ದಿತ್ತು. ಆ ಕಡೆಯಿಂದ ಬರುತ್ತಿದ್ದ ನನ್ನ ವಿದ್ಯಾರ್ಥಿಯೊಬ್ಬ ಮೂರು ವಾರ ತರಗತಿಗೆ ಬರಲಿಲ್ಲ. ಕೊನೆಗೆ ಬಂದವನು, “ಅಮ್ಮ ದರಕು ತರೋಕೆ ಬೆಟ್ಟಕ್ಕೆ ಹೋಗಿದ್ದಳು ಸಾರ್. ಜ್ವರ ಬಂತು” ಎಂದಷ್ಟೇ ಹೇಳಿ ತಲೆ ತಗ್ಗಿಸಿದ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ನಾನು ಹಾಕಿದ ಕೆಂಪು ಗೆರೆಗಳನ್ನು ನೋಡಿ ನಾಚಿಕೆಯಾಯಿತು. ಆ ತಾಯಿ ಬದುಕಿದಳು; ಆ ಸೀಮೆಯಲ್ಲಿ ಬದುಕದೆ ಹೋದವರೂ ಇದ್ದರು.

ಬೇಸಿಗೆಯಲ್ಲಿ ಅವರ ಮನೆಗೆ ಹೋದೆ. ಆಕೆ ಜಗಲಿಯ ಮೇಲೆ ಕುಳಿತು ಅಡಕೆ ಆರಿಸುತ್ತಿದ್ದಳು. ಕೈಯಲ್ಲಿ ಇನ್ನೂ ನಿಶ್ಶಕ್ತಿಯ ನಡುಕವಿತ್ತು. ಮಾತಿನ ನಡುವೆ ಕೇಳಿದಳು: “ಮಂಗ ಮೊದಲೂ ಇತ್ತು, ಇಲಿಯೂ ಇತ್ತು, ಉಣುಗೂ ಇತ್ತು. ನಮ್ಮ ಅಜ್ಜಿಯ ಕಾಲದಲ್ಲಿ ಇಲ್ಲದ ಕಾಯಿಲೆ ಎಲ್ಲಿಂದ ಬಂತು ಮೇಷ್ಟ್ರೇ?” ನಾನು ಉತ್ತರ ಕೊಡಲಾರದೆ ಹೋದೆ. ಮನೆಗೆ ಬಂದು ಓದತೊಡಗಿದೆ.

1957 ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಹಿಂದೆಯೇ ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ಮಲಗಿದರು. ಆಫ್ರಿಕ, ದಕ್ಷಿಣ ಅಮೆರಿಕಗಳ ಹಳದಿ ಜ್ವರ ಏಷ್ಯಕ್ಕೂ ಕಾಲಿಟ್ಟಿತೇ ಎಂದು ವೈದ್ಯಲೋಕ ಬೆಚ್ಚಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಬಂದು ಪರೀಕ್ಷಿಸಲು, ಇದು ಹಳದಿ ಜ್ವರವಲ್ಲ, ಉಣುಗಿನಿಂದ ಹರಡುವ ಹೊಸದೊಂದು ವೈರಾಣುವೆಂದು ತಿಳಿಯಿತು. ಕ್ಯಾಸನೂರಿನ ಹೆಸರು ಹೀಗೆ ಜಗತ್ತಿನ ವೈದ್ಯಗ್ರಂಥಗಳನ್ನು ಸೇರಿತು. ಬನವಾಸಿಯ ನೆರೆಯ ನಾಡಿಗೆ ಪಂಪನಿಂದ ಬಂದ ಕೀರ್ತಿ ಒಂದಾದರೆ, ಇದು ಮತ್ತೊಂದು.

ಈ ಶೋಧನೆಯಲ್ಲಿ ತೊಡಗಿದ ಒಬ್ಬರ ವೃತ್ತಾಂತ ನನ್ನ ಮನಸ್ಸನ್ನು ವಿಶೇಷವಾಗಿ ಹಿಡಿಯಿತು. ಅವರು ಕೊಲಂಬಿಯ ದೇಶದ ವೈದ್ಯ ಜಾರ್ಜ್ ಬೊಶೆಲ್. ಹಳದಿ ಜ್ವರವನ್ನು ಹರಡುವ ಸೊಳ್ಳೆಗಳು ತಮ್ಮ ದೇಶದ ಕಾಡಿನಲ್ಲಿ ಮರದ ನೆತ್ತಿಯಲ್ಲಿ ವಾಸಿಸುವುದನ್ನೂ, ಮರ ಕಡಿದು ಉರುಳಿಸಿದೊಡನೆ ಅವು ಕೆಳಗಿಳಿದು ಕಡಿದವನನ್ನೇ ಮುತ್ತುವುದನ್ನೂ ಅವರು ಕಣ್ಣಾರೆ ಕಂಡಿದ್ದರು. ಆ ಕಣ್ಣಿನಿಂದಲೇ ಅವರು ನಮ್ಮ ಮಲೆನಾಡನ್ನು ನೋಡಿದರು. ಪಿ. ಕೆ. ರಾಜಗೋಪಾಲನ್ ಅವರೊಡನೆ ಸೇರಿ ಮಂಗ, ಇಲಿ, ಸುಂಡಿಲಿಗಳನ್ನು ಕಾಡಿನಲ್ಲಿರಿಸಿ, ಅವುಗಳಿಗೆ ಉಣುಗು ಹತ್ತುವ ಬಗೆಯನ್ನು ಪರಿಶೀಲಿಸಿ, 1968 ರಲ್ಲಿ ಪ್ರಕಟಿಸಿದರು.

ಉಣುಗಿನ ಬಾಳು ವಿಚಿತ್ರವಾದುದು. ಮೊಟ್ಟೆಯಿಂದ ಹೊರಬಂದಾಗ ಅದಕ್ಕೆ ಆರು ಕಾಲು. ಒಂದು ಪ್ರಾಣಿಯ ರಕ್ತ ಕುಡಿದು ಉದುರಿ, ಪೊರೆ ಕಳಚಿ, ಎಂಟು ಕಾಲಿನ ಮರಿಯುಣುಗಾಗುತ್ತದೆ. ಮತ್ತೊಂದು ಪ್ರಾಣಿಯ ರಕ್ತ ಕುಡಿದ ಮೇಲೆ ಪೂರ್ಣ ಬೆಳೆಯುತ್ತದೆ. ಮೊದಲೆರಡು ಅವಸ್ಥೆಗಳಲ್ಲಿ ಅದಕ್ಕೆ ಅನ್ನದಾತರು ದರಕಿನ ನಡುವೆ ಓಡಾಡುವ ಇಲಿ, ಸುಂಡಿಲಿಗಳು, ನೆಲದ ಹಕ್ಕಿಗಳು, ಮಂಗಗಳು. ಬೆಳೆದ ಉಣುಗಿಗೆ ಬೇಕಾದದ್ದು ದನ. ಮಳೆಗಾಲ ಕಳೆದು ದರಕು ಒಣಗುವ ಕಾಲಕ್ಕೆ ಮರಿಯುಣುಗುಗಳು ಹೆಚ್ಚುತ್ತವೆ. ಮನುಷ್ಯರಿಗೆ ಕಾಯಿಲೆ ಬರುವುದೂ ಆಗಲೇ. ಬಿಳಿಬಾಲದ ಕಾಡಿಲಿಯಲ್ಲಿಯೂ ಸುಂಡಿಲಿಯಲ್ಲಿಯೂ ವೈರಾಣು ದೊರೆಯಿತು. ಮಂಗ ಸತ್ತು ಬಿದ್ದು ನಮ್ಮನ್ನು ಎಚ್ಚರಿಸುತ್ತದೆ. ಈ ಪುಟ್ಟ ಜೀವಿಗಳು ಯಾರಿಗೂ ತಿಳಿಯದಂತೆ ವೈರಾಣುವನ್ನು ಕಾಡಿನಲ್ಲಿ ಉಳಿಸಿಕೊಂಡು ಬರುತ್ತವೆ. ಮನುಷ್ಯನಾದರೋ ಈ ಸರಪಣಿಯಲ್ಲಿ ದಾರಿ ತಪ್ಪಿ ಸಿಕ್ಕಿಕೊಂಡವನು. ಅವನಿಂದ ಇನ್ನೊಬ್ಬನಿಗೆ ರೋಗ ಹರಡುವುದಿಲ್ಲ.

ಹಾಗಾದರೆ ಆ ತಾಯಿಯ ಪ್ರಶ್ನೆಗೆ ಉತ್ತರವೇನು? 1969 ರಲ್ಲಿ ಬೊಶೆಲ್ ಮಂಡಿಸಿದ ವಿಚಾರದ ತಿರುಳು ಇದು: ವೈರಾಣು ಕಾಡಿನಲ್ಲಿ ಬಹುಕಾಲದಿಂದ ಇದ್ದಿರಬೇಕು, ಆದರೆ ಮಿತಿಯಲ್ಲಿ ಇತ್ತು. ಜನ ಹೆಚ್ಚಿದರು, ಕಾನುಗಳ ನಡುವೆ ಗದ್ದೆಗಳಾದವು, ದನಗಳು ಕಾಡಿನೊಳಗೆ ಮೇದವು. ಮೇದ ದನದ ಮೈಯಿಂದ ಹೊಟ್ಟೆ ತುಂಬಿದ ಉಣುಗು ಉದುರಿ ಸಾವಿರಾರು ಮೊಟ್ಟೆಯಿಟ್ಟಿತು. ಕಡಿದ ಕಾಡಿನ ಅಂಚಿನಲ್ಲಿ ಲಂಟಾನದ ಪೊದೆ ಹಬ್ಬಿ, ಇಲಿಗಳಿಗೂ ಉಣುಗುಗಳಿಗೂ ಒಳ್ಳೆಯ ಆಸರೆಯಾಯಿತು. ಕಾಡೂ ಅಲ್ಲದ ಊರೂ ಅಲ್ಲದ ಆ ಅಂಚಿನಲ್ಲಿಯೇ ದನ, ಇಲಿ, ಮಂಗ, ಮನುಷ್ಯ ನಾಲ್ವರೂ ಸಂಧಿಸಿದರು. ಕಾಡಿನಲ್ಲಿ ಹೊಸದಾಗಿ ಬಂದುದು ವೈರಾಣುವಲ್ಲ, ಅಂಚು.

ಇದು ಊಹೆ ಮಾತ್ರವೇ ಎಂದು ಕೇಳುವವರಿಗೆ ಮುಂದಿನ ಚರಿತ್ರೆಯಿದೆ. 1982 ರಿಂದ 1984 ರವರೆಗೆ ಬೆಳ್ತಂಗಡಿಯ ಕಡೆ ಕಾಯಿಲೆ ಭೀಕರವಾಗಿ ಹಬ್ಬಿದಾಗ, ಅದಕ್ಕೆ ಸ್ವಲ್ಪ ಮೊದಲು ಅಲ್ಲಿ ನಡೆದ ಕಾಡಿನ ಕಡಿತದತ್ತ ತಿಳಿದವರು ಬೆರಳು ತೋರಿಸಿದರು. 2020 ರಲ್ಲಿ ಭಾರತ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ಕೂಡಿ ಪ್ರಕಟಿಸಿದ ಅಧ್ಯಯನವೂ, ತೇವದ ಹಸಿರು ಕಾಡು ಮತ್ತು ತೋಟಗಳು ಒಂದರೊಳಗೊಂದು ಬೆರೆತು, ನಾಡದನಗಳು ಹೆಚ್ಚಾಗಿರುವ ಕಡೆ ಅಪಾಯ ಅಧಿಕವೆಂದು ಹೇಳಿತು.

ಉತ್ತರ ದೊರೆಯಿತೆಂದು ಸಂತೋಷಪಟ್ಟು ಮತ್ತೆ ಆ ಮನೆಗೆ ಹೋದೆ. ಆಕೆ ಎಲ್ಲವನ್ನೂ ತಾಳ್ಮೆಯಿಂದ ಕೇಳಿದಳು. ಕೇಳಿ, “ಅಂಚು ಮಾಡಿದವರು ನಾವೇ ಅಂದ ಹಾಗಾಯಿತು. ಇರಲಿ. ದರಕು ತರದಿದ್ದರೆ ಕೊಟ್ಟಿಗೆಗೆ ಏನು ಹಾಸೋದು, ತೋಟಕ್ಕೆ ಗೊಬ್ಬರ ಎಲ್ಲಿಂದ ಬರಬೇಕು ಹೇಳಿ ಮೇಷ್ಟ್ರೇ” ಎಂದಳು.

ಆಗ ನನ್ನ ಸಂತೋಷ ಇಳಿಯಿತು. ಅರ್ಧ ಎಕರೆ ತೋಟವುಳ್ಳವಳು ಹೊರುವ ದರಕಿನ ಕುಕ್ಕೆಯನ್ನೂ, ಬೆಟ್ಟಗಳನ್ನೇ ಬೋಳಿಸುವವರ ಕೊಡಲಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಆದರೆ ಉಣುಗು ಆ ಭೇದವನ್ನು ಎಣಿಸದು. ಕಡಿದವನು ದೂರದ ಊರಿನಲ್ಲಿರುತ್ತಾನೆ. ಜ್ವರ ಬರುವುದು ದರಕಿಗೆ ಹೋದವಳಿಗೆ. ಇದ್ದ ಹಳೆಯ ಲಸಿಕೆಯೂ ಸಾಕಷ್ಟು ಫಲ ಕೊಡದೆ 2022 ರಲ್ಲಿ ನಿಂತುಹೋಯಿತು.

ನಾನು ಹೊರಟಾಗ ಆಕೆ ಕುಕ್ಕೆ ಹಿಡಿದು ಎದ್ದಿದ್ದಳು. ಸರ್ಕಾರದವರು ಕೊಟ್ಟ ಎಣ್ಣೆಯನ್ನು ಕೈಕಾಲಿಗೆ ಬಳಿದುಕೊಂಡು, ಮಗನ ಹಳೆಯ ಉದ್ದ ತೋಳಿನ ಅಂಗಿ ತೊಟ್ಟು ಬೆಟ್ಟದ ಕಡೆ ನಡೆದಳು. ಕಾಲಡಿಯ ದರಕು ಸರಸರ ಸದ್ದು ಮಾಡುತ್ತಿತ್ತು. ಆ ಸದ್ದಿನಲ್ಲಿ ಪುಟ್ಟದೇನೋ ಒಂದು ಓಡಿ ಪೊದೆಯನ್ನು ಸೇರಿತು.