ನಿಂತ ಹೃದಯಕ್ಕೆ ಕೊಬ್ಬಿನ ಚಿಕಿತ್ಸೆ: ಇಲಿ, ನಾಯಿ, ಹಂದಿ ಹೇಳಿದ್ದೇನು?

ಕೈ ಅಥವಾ ಭುಜದ ಶಸ್ತ್ರಚಿಕಿತ್ಸೆಗೆ ಮುನ್ನ ಆ ಭಾಗಕ್ಕಷ್ಟೇ ಜೋಮು ಹಿಡಿಸುವ ಚುಚ್ಚುಮದ್ದು ಕೊಡುವುದನ್ನು ನೀವು ಕೇಳಿರಬಹುದು. ರೋಗಿಗೆ ಎಚ್ಚರವಿರುತ್ತದೆ, ನೋವು ಮಾತ್ರ ತಿಳಿಯುವುದಿಲ್ಲ. ಇದಕ್ಕೆ ಬಳಸುವ ಸ್ಥಳೀಯ ಅರಿವಳಿಕೆಗಳಲ್ಲಿ ಬುಪಿವಕೇನ್ ಒಂದು. ನರದ ಪೊರೆಯಲ್ಲಿ ಸೋಡಿಯಂ ಅಯಾನುಗಳು ಹಾದುಹೋಗುವ ದ್ವಾರಗಳನ್ನು ಅದು ಮುಚ್ಚುತ್ತದೆ. ಆಗ ನೋವಿನ ಸಂದೇಶ ಮಿದುಳನ್ನು ತಲಪುವುದಿಲ್ಲ.

ಆದರೆ ಇಂಥ ದ್ವಾರಗಳು ಹೃದಯದ ಸ್ನಾಯುವಿನಲ್ಲೂ ಇವೆ. ಮದ್ದಿನ ಪ್ರಮಾಣ ಮೀರಿದರೆ, ಇಲ್ಲವೇ ಸೂಜಿಯ ತುದಿ ಅಕಸ್ಮಾತ್ತಾಗಿ ರಕ್ತನಾಳವನ್ನು ಹೊಕ್ಕರೆ, ಸೆಳವು ಬರಬಹುದು, ಹೃದಯವೇ ನಿಲ್ಲಬಹುದು. ಬುಪಿವಕೇನ್ ಹೃದಯದ ದ್ವಾರಗಳನ್ನು ಬೇಗನೆ ಬಿಟ್ಟುಕೊಡುವುದಿಲ್ಲ. ಆದ್ದರಿಂದ ಹೀಗೆ ನಿಂತ ಹೃದಯವನ್ನು ಮತ್ತೆ ನಡೆಸುವುದು ಬಹಳ ಕಷ್ಟ.

ಇದು ಅಪರೂಪದ ಅವಘಡ. ಒದಗಿದಾಗ ನಿಮಿಷಗಳಲ್ಲಿ ತೀರ್ಮಾನ ಕೈಗೊಳ್ಳಬೇಕು. ಬೇಕೆಂದೇ ಮನುಷ್ಯರ ಹೃದಯ ನಿಲ್ಲಿಸಿ ಎರಡು ಚಿಕಿತ್ಸೆಗಳನ್ನು ಹೋಲಿಸುವಂತಿಲ್ಲ. ಹಾಗಾಗಿ ವೈದ್ಯರು ಪ್ರಾಣಿ ಪ್ರಯೋಗಗಳನ್ನು ನೆಚ್ಚಬೇಕಾಯಿತು.

ತಲೆಕೆಳಗಾದ ನಿರೀಕ್ಷೆ

ಸೋಯಾ ಎಣ್ಣೆಯ ಅತಿ ಸಣ್ಣ ಹನಿಗಳನ್ನು ನೀರಿನಲ್ಲಿ ಬೆರೆಸಿದ, ಹಾಲಿನಂತೆ ಬೆಳ್ಳಗಿರುವ ದ್ರವವೊಂದಿದೆ. ಬಾಯಿಯಿಂದ ಆಹಾರ ಸೇವಿಸಲಾಗದ ರೋಗಿಗಳಿಗೆ ಅದನ್ನು ರಕ್ತನಾಳದ ಮೂಲಕ ಕೊಡುತ್ತಾರೆ. ಇದು ಬುಪಿವಕೇನ್‌ನ ವಿಷಪ್ರಭಾವವನ್ನು ಹೆಚ್ಚಿಸೀತೆಂದು ಷಿಕಾಗೊದ ಅರಿವಳಿಕೆ ತಜ್ಞ ಗೈ ವೈನ್‌ಬರ್ಗ್ ಊಹಿಸಿದ್ದರು. ಇಲಿಗಳಲ್ಲಿ ಪರೀಕ್ಷಿಸಿದಾಗ ಆದದ್ದು ತದ್ವಿರುದ್ಧ. ಅರ್ಧದಷ್ಟು ಇಲಿಗಳು ಸಾಯಲು ಬೇಕಾದ ಪ್ರಮಾಣ ಕಿಲೋಗ್ರಾಂ ತೂಕಕ್ಕೆ 12.5 ಮಿಲಿಗ್ರಾಂ ಇದ್ದದ್ದು, ಕೊಬ್ಬಿನ ದ್ರವ ಕೊಟ್ಟಾಗ 18.5 ಮಿಲಿಗ್ರಾಂಗೆ ಏರಿತು. ಈ ಫಲಿತಾಂಶ 1998ರಲ್ಲಿ ಪ್ರಕಟವಾಯಿತು.

2003ರಲ್ಲಿ ಅದೇ ತಂಡ 12 ನಾಯಿಗಳ ಮೇಲಿನ ಪ್ರಯೋಗವನ್ನು ವರದಿ ಮಾಡಿತು. ಹೃದಯ ನಿಂತ ಬಳಿಕ 10 ನಿಮಿಷ ಹೃದಯವನ್ನು ಒತ್ತಿ, ಆಮೇಲೆ ಆರಕ್ಕೆ ಕೊಬ್ಬಿನ ದ್ರವವನ್ನೂ ಆರಕ್ಕೆ ಲವಣದ್ರಾವಣವನ್ನೂ ಕೊಟ್ಟರು. ಮೊದಲ ಆರೂ ಬದುಕಿದವು. ಉಳಿದ ಆರರಲ್ಲಿ ಒಂದೂ ಉಳಿಯಲಿಲ್ಲ.

2006ರಲ್ಲಿ ನ್ಯೂಯಾರ್ಕಿನಿಂದ ಮನುಷ್ಯನ ವರದಿಯೂ ಬಂತು. ಭುಜದ ಶಸ್ತ್ರಚಿಕಿತ್ಸೆಗಾಗಿ ಅರಿವಳಿಕೆ ಪಡೆದ 58 ವರ್ಷದವರೊಬ್ಬರ ಹೃದಯ ನಿಂತಿತ್ತು. ಸುಮಾರು 20 ನಿಮಿಷಗಳ ಸಾಮಾನ್ಯ ಚಿಕಿತ್ಸೆ ಫಲಿಸಲಿಲ್ಲ. 100 ಮಿಲಿಲೀಟರ್ ಕೊಬ್ಬಿನ ದ್ರವ ಕೊಟ್ಟಮೇಲೆ ಬಡಿತ ಮರಳಿತು.

ಅಡ್ರಿನಲಿನ್ ಜೊತೆ ಪೈಪೋಟಿ

ನಿಂತ ಹೃದಯಕ್ಕೆ ಮಾಮೂಲಿ ಔಷಧ ಅಡ್ರಿನಲಿನ್. ಅದಕ್ಕಿಂತ ಕೊಬ್ಬು ಮೇಲೇ? 2008ರಲ್ಲಿ ವೈನ್‌ಬರ್ಗ್ ತಂಡ ಇಲಿಗಳಲ್ಲಿ ಇವೆರಡನ್ನೂ ಹೋಲಿಸಿತು. ಕೊಬ್ಬು ಪಡೆದ ಇಲಿಗಳು ಚೆನ್ನಾಗಿ ಚೇತರಿಸಿಕೊಂಡವು. ಅಡ್ರಿನಲಿನ್ ಪಡೆದವುಗಳಲ್ಲಿ ಹೃದಯದ ಲಯ ತಪ್ಪಿತು, ರಕ್ತದಲ್ಲಿ ಆಮ್ಲಜನಕ ಕುಸಿದು ಆಮ್ಲೀಯತೆ ಏರಿತು.

ಅದೇ ವರ್ಷ ಮತ್ತೊಂದು ತಂಡ ಹಂದಿಗಳಲ್ಲಿ ಪರೀಕ್ಷಿಸಿ ಉಲ್ಟಾ ಉತ್ತರ ಪಡೆಯಿತು. ಅಲ್ಲಿ ಅಡ್ರಿನಲಿನ್ ಮತ್ತು ವಾಸೊಪ್ರೆಸಿನ್‌ಗಳ ಜೋಡಿ ಗೆದ್ದಿತು, ಕೊಬ್ಬು ಸೋತಿತು.

ಯಾವುದನ್ನು ನಂಬಬೇಕು? ಪ್ರಯೋಗದ ವಿವರಗಳನ್ನು ನೋಡಿ. ಹಂದಿಗಳಿಗೆ ಬುಪಿವಕೇನ್ ಕೊಟ್ಟದ್ದಲ್ಲದೆ, ಹೃದಯ ನಿಲ್ಲುವವರೆಗೆ ಉಸಿರಾಟವನ್ನೂ ತಡೆಯಲಾಗಿತ್ತು. ಅಂದರೆ ಅವು ಔಷಧದ ವಿಷದ ಜೊತೆಗೆ ಆಮ್ಲಜನಕದ ಕೊರತೆಯಿಂದಲೂ ಬಳಲಿದ್ದವು. ಇನ್ನೊಂದು ಅಂಶವೂ ಇದೆ. ಕೊಬ್ಬಿನ ದ್ರವ ಸೇರಿದಾಗ ಹಂದಿಗಳ ದೇಹ ಅಲರ್ಜಿಯಂಥ ಪ್ರತಿಕ್ರಿಯೆ ತೋರಬಲ್ಲದೆಂದು 2014ರಲ್ಲಿ ವರದಿಯಾಯಿತು. ಆದ್ದರಿಂದ ಈ ಚಿಕಿತ್ಸೆಯ ಮಟ್ಟಿಗೆ ಹಂದಿ ಮನುಷ್ಯನಿಗೆ ಸರಿಯಾದ ಪ್ರತಿನಿಧಿಯೇ ಎಂಬ ಸಂದೇಹ ಮೂಡಿತು.

ಕೊಬ್ಬು ಕೆಲಸ ಮಾಡುವ ಬಗೆ

ಬುಪಿವಕೇನ್ ನೀರಿಗಿಂತ ಕೊಬ್ಬಿನಲ್ಲಿ ಸುಲಭವಾಗಿ ಬೆರೆಯುತ್ತದೆ. ಎಣ್ಣೆಯ ಹನಿಗಳು ಅದನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತವೆ ಎಂದಷ್ಟೇ ಮೊದಲು ಭಾವಿಸಿದ್ದರು. ಈಗಿನ ತಿಳಿವಳಿಕೆಯಂತೆ ಆ ಹನಿಗಳು ಸರಕು ಸಾಗಿಸುವ ಬಂಡಿಗಳಿದ್ದಂತೆ. ಮಿದುಳು ಮತ್ತು ಹೃದಯದಿಂದ ಔಷಧವನ್ನು ಹೊತ್ತು ಸ್ನಾಯು, ಯಕೃತ್ತುಗಳಿಗೆ ಒಯ್ಯುತ್ತವೆ. ಜೊತೆಗೆ ಹೃದಯದ ಸಂಕೋಚನಕ್ಕೂ ನೆರವಾಗುತ್ತವೆ.

ಇಂದಿನ ಕ್ರಮ

ಪ್ರಾದೇಶಿಕ ಅರಿವಳಿಕೆ ತಜ್ಞರ ಅಮೆರಿಕನ್ ಸಂಘದ ಸೂಚನೆಗಳು ಈ ಎಲ್ಲ ಪಾಠಗಳನ್ನೂ ಒಳಗೊಂಡಿವೆ. ಮೊದಲು ಉಸಿರಾಟ ಕಾಪಾಡಿ ಆಮ್ಲಜನಕ ಕೊಡಬೇಕು, ಸೆಳವು ನಿಲ್ಲಿಸಬೇಕು. ತಡಮಾಡದೆ ಶೇಕಡ 20ರ ಕೊಬ್ಬಿನ ದ್ರವವನ್ನು ಕಿಲೋಗ್ರಾಂ ತೂಕಕ್ಕೆ 1.5 ಮಿಲಿಲೀಟರ್‌ನಂತೆ ಕೊಡಬೇಕು. 60 ಕಿಲೋಗ್ರಾಂ ತೂಕದವರಿಗೆ ಇದು 90 ಮಿಲಿಲೀಟರ್. ಅಡ್ರಿನಲಿನ್ ಬೇಕಾದರೆ ಕಿಲೋಗ್ರಾಂಗೆ 1 ಮೈಕ್ರೋಗ್ರಾಂ ಮೀರದಂತೆ ಕೊಡಬೇಕು; ಸಾಮಾನ್ಯ ಹೃದಯ ಸ್ತಂಭನದಲ್ಲಿ ವಯಸ್ಕರಿಗೆ ಕೊಡುವ 1 ಮಿಲಿಗ್ರಾಂಗೆ ಹೋಲಿಸಿದರೆ ಇದು ತೀರಾ ಕಡಿಮೆ. ವಾಸೊಪ್ರೆಸಿನ್ ಬೇಡ.

‘ಪ್ರಾಣಿಗಳಲ್ಲಿ ಈ ಮದ್ದು ಆ ಮದ್ದಿಗಿಂತ ಮೇಲು’ ಎಂಬ ಸುದ್ದಿ ಓದಿದಾಗ ನೀವೂ ಕೆಲವು ಪ್ರಶ್ನೆ ಕೇಳಿಕೊಳ್ಳಿ. ಅದು ಯಾವ ಪ್ರಾಣಿ? ಉಸಿರಾಟ ನಡೆದಿತ್ತೆ? ಮದ್ದನ್ನು ಯಾವಾಗ, ಎಷ್ಟು ಕೊಟ್ಟರು? ಇವಕ್ಕೆ ಉತ್ತರ ಸಿಕ್ಕಮೇಲೆಯೇ ಗೆದ್ದದ್ದು ಯಾವುದೆಂದು ತೀರ್ಮಾನಿಸುವುದು ಒಳ್ಳೆಯದು.