ಕಾರ್ಬನ್ ಕಟ್ಟಿದ ವಾಲ್ವ್: ಪತ್ತೆ ಹೇಗೆ?



ಬೀದರಿನ ಚಳಿಗಾಲದ ಬೆಳಿಗ್ಗೆ ಹಳೆಯ ಅಂಬಾಸಡರ್ ಅಥವಾ ಪದ್ಮಿನಿ ಕಾರೊಂದು ಕುಂಟುತ್ತ ಸ್ಟಾರ್ಟ್ ಆಗುವುದನ್ನು ನೀವು ಕೇಳಿರಬಹುದು. "ಕಾರ್ಬನ್ ಕಟ್ಟಿದೆ; ಭಾಲ್ಕಿಗೋ ಔರಾದಿಗೋ ಒಮ್ಮೆ ಜೋರಾಗಿ ಓಡಿಸಿಕೊಂಡು ಬನ್ನಿ, ಉದುರಿಹೋಗುತ್ತದೆ" ಎಂಬ ಸಲಹೆ ತಕ್ಷಣ ಬರುತ್ತದೆ. ಇದು ಅರ್ಧ ನಿಜ. ಪರೀಕ್ಷಿಸದೆ ಹೊರಟರೆ ವಾಲ್ವ್ ಸುಟ್ಟುಹೋಗಬಹುದು.

ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ, ಉರಿದ ಅನಿಲವನ್ನು ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಅದರ ತಲೆಯ ಉಷ್ಣತೆ ಸುಮಾರು 700 ಡಿಗ್ರಿ ಸೆಲ್ಸಿಯಸ್. ಮುಚ್ಚಿ ಕುಳಿತ ಕ್ಷಣದಲ್ಲಿ ಈ ಶಾಖದ ಬಹುಪಾಲು ಸೀಟಿನ ಮೂಲಕ ಹೆಡ್ಡಿಗೆ ಇಳಿಯುತ್ತದೆ. ಪೂರ್ತಿ ಉರಿಯದ ಪೆಟ್ರೋಲ್ ಮತ್ತು ಗೈಡಿನಿಂದ ಜಾರಿದ ಆಯಿಲ್ ಸೀಟಿನ ಮೇಲೆ ಕಿಟ್ಟವಾದರೆ ವಾಲ್ವ್ ಸರಿಯಾಗಿ ಕೂರದು. ಆಗ ಶಾಖಕ್ಕೆ ದಾರಿಯಿಲ್ಲ. ಸಂದಿನಲ್ಲಿ ನುಗ್ಗುವ ಬಿಸಿ ಅನಿಲ ಅಂಚನ್ನೇ ತಿನ್ನುತ್ತದೆ. ಕೋಟೆಯಿಂದ ಬಸ್ ನಿಲ್ದಾಣಕ್ಕೆ, ಅಲ್ಲಿಂದ ಮನೆಗೆ ಎಂದು ಊರೊಳಗೇ ತಿರುಗುವ ಕಾರಿಗೆ ಈ ಕಿಟ್ಟ ಹೆಚ್ಚು, ಏಕೆಂದರೆ ಎಂಜಿನ್ ಪೂರ್ತಿ ಕಾಯುವುದೇ ಇಲ್ಲ. (2000ನೇ ಇಸವಿಯ ಫೆಬ್ರವರಿಗೆ ಮೊದಲು ಪೆಟ್ರೋಲಿನ ಸೀಸವೂ ತನ್ನ ಪದರವನ್ನು ಬಿಡುತ್ತಿತ್ತು.)

ಮೊದಲು ಟ್ಯಾಪೆಟ್ ಸಂದು ನೋಡಿಸಿ. ಅದು ಬಿಗಿಯಾಗಿದ್ದರೂ ವಾಲ್ವ್ ಮುಚ್ಚುವುದಿಲ್ಲ, ಲಕ್ಷಣ ಒಂದೇ. ಎಷ್ಟೋ ಹೆಡ್ಡುಗಳು ಈ ಚಿಕ್ಕ ಕೆಲಸ ಮರೆತದ್ದರಿಂದಲೇ ಸುಮ್ಮನೆ ಬಿಚ್ಚಿಸಿಕೊಂಡಿವೆ! ಅನಂತರ ಕಂಪ್ರೆಷನ್ ಪರೀಕ್ಷೆ. ಎಂಜಿನ್ ಬಿಸಿಯಿರುವಾಗ ಕಾಯಿಲ್ ತಂತಿ ತೆಗೆದು, ನಾಲ್ಕೂ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಬೇಕು. ಮೂರು ಸಿಲಿಂಡರಿನಲ್ಲಿ ಗೇಜು 120 ಪೌಂಡ್ ತೋರಿಸಿ ಒಂದರಲ್ಲಿ 70 ತೋರಿಸಿತೆನ್ನಿ. ಅದಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ನೋಡಿ. ಮುಳ್ಳು ಚೆನ್ನಾಗಿ ಏರಿದರೆ ರಿಂಗು ಸವೆದಿದೆ; ಏರದಿದ್ದರೆ ವಾಲ್ವಿನ ಮೇಲೆ ಅನುಮಾನ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೇ ಇಳಿದಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಬೇಕು.

ಇನ್ನು ನಿಮ್ಮ ಕಿವಿಯ ಕೆಲಸ. ಕಂಪ್ರೆಷನ್ ಮುಗಿದು ಪಿಸ್ಟನ್ ಮೇಲಿರುವಾಗ ಪ್ಲಗ್ ರಂಧ್ರದಿಂದ ಗಾಳಿ ಬಿಡಿಸಿ. ಸೈಲೆನ್ಸರ್ ಬಾಯಲ್ಲಿ ಬುಸ್ಸೆಂದರೆ ಎಕ್ಸಾಸ್ಟ್ ವಾಲ್ವ್, ಕಾರ್ಬ್ಯುರೇಟರಿನಲ್ಲಾದರೆ ಇನ್ಲೆಟ್ ವಾಲ್ವ್, ಆಯಿಲ್ ಹಾಕುವ ಬಾಯಲ್ಲಾದರೆ ರಿಂಗು. ಇದನ್ನು ಮೆಕ್ಯಾನಿಕ್ ಜೊತೆಯಲ್ಲೇ ಮಾಡಿ. ಗಾಳಿಯ ಒತ್ತಡಕ್ಕೆ ಎಂಜಿನ್ ತಿರುಗಿ ಕೈಗೆ ಪೆಟ್ಟಾದೀತು.

ಸೋರಿಕೆ ಇಲ್ಲದಿದ್ದರೆ ಔರಾದಿನವರೆಗೆ ಧಾರಾಳವಾಗಿ ಓಡಿಸಿ, ಮೆತ್ತನೆಯ ಮಸಿ ಹೋದೀತು. ಸೋರುತ್ತಿದ್ದರೆ ಹೆಡ್ ಬಿಚ್ಚಲೇಬೇಕು. ಅಂಚು ಹಲ್ಲು ಬಿದ್ದಿರದಿದ್ದರೆ ಪೇಸ್ಟ್ ಹಚ್ಚಿ ತಿಕ್ಕಿದರೆ ಸಾಕು. ಹಲ್ಲು ಬಿದ್ದಿದ್ದರೆ ಹೊಸ ವಾಲ್ವ್. ಗೈಡ್ ಸವೆದಿದ್ದರೆ ಅದನ್ನೂ ಬದಲಿಸಬೇಕು, ಇಲ್ಲವಾದರೆ ಕಿಟ್ಟ ಮತ್ತೆ ಬರುತ್ತದೆ. ಜೋಡಿಸಿದ ಹೆಡ್ಡಿನ ಹೊಗೆದಾರಿಗೆ ಸ್ವಲ್ಪ ಸೀಮೆಎಣ್ಣೆ ಸುರಿದು ಐದು ನಿಮಿಷ ಕಾಯಿರಿ. ವಾಲ್ವಿನ ಸುತ್ತ ಒದ್ದೆ ಕಾಣದಿದ್ದರೆ ಹೆಡ್ ಕೂರಿಸಬಹುದು.